ಗಾಳದ ಮೀನಿಗೆ ಕೈಬಲೆ

ಗಾಳದಿಂದ ಮೀನು ಹಿಡಿಯುವ ವಿದ್ಯೆಯನ್ನು ಕುರಿತ ಗ್ರಂಥಗಳಲ್ಲಿ ಕೋಲಿಗೊಂದು ಅಧ್ಯಾಯ, ದಾರಕ್ಕೊಂದು ಅಧ್ಯಾಯ, ಎರೆಗೆ ಎರಡೋ ಮೂರೋ ಅಧ್ಯಾಯಗಳು ಮೀಸಲಾಗಿರುವುದನ್ನೂ, ಇವೆಲ್ಲ ಮುಗಿದ ಮೇಲೆ, ಮರೆತಿದ್ದುದು ಹಠಾತ್ತನೆ ನೆನಪಾದಂತೆ, ಮೀನನ್ನು ನೀರಿನಿಂದ ಮೇಲೆತ್ತಲು ಒಂದು ಕೈಬಲೆಯೂ ಜೊತೆಯಲ್ಲಿರಲಿ ಎಂಬ ಒಂದೇ ವಾಕ್ಯ ಬಂದುಹೋಗುವುದನ್ನೂ ಕಂಡವರಿಗೆ, ಈ ಉಪಕರಣವು ಕೇವಲ ಆನುಷಂಗಿಕವಾದುದೆಂಬ ಭಾವನೆ ಮೂಡಿದರೆ ಆಶ್ಚರ್ಯಪಡಬೇಕಾದುದಿಲ್ಲ. ಅಂಗಡಿಯಲ್ಲಿಯೂ ನಡೆಯುವುದು ಇದೇ ಕ್ರಮ. ಕೋಲನ್ನು ಬಗ್ಗಿಸಿ ನೋಡಿ, ರೀಲನ್ನು ಕಿವಿಯ ಬಳಿ ತಿರುಗಿಸಿ ಕೇಳಿ, ದಾರದ ದಪ್ಪವನ್ನು ವಿಚಾರಿಸಿ, ಇಷ್ಟೆಲ್ಲ ಸೂಕ್ಷ್ಮಪರೀಕ್ಷೆಯಲ್ಲಿ ಹಣದ ಬಹುಭಾಗವನ್ನು ವ್ಯಯಿಸಿದ ಗಿರಾಕಿಯು, ಉಳಿದ ಚಿಲ್ಲರೆಗೆ ಯಾವುದು ಬರುವುದೋ ಆ ಬಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಡುತ್ತಾನೆ. ಆದರೆ ದೊಡ್ಡ ಮೀನು ಕೈತಪ್ಪಿದ ಕಥೆಗಳನ್ನು, ಅವುಗಳಲ್ಲಿ ಸಹಜವಾಗಿ ಸೇರಿರುವ ಅತಿಶಯೋಕ್ತಿಯನ್ನು ಕಳೆದು, ಗಮನವಿಟ್ಟು ಕೇಳಿದವರಿಗೆ ಒಂದು ಸಂಗತಿ ತಿಳಿದುಬರುತ್ತದೆ: ಅವುಗಳಲ್ಲಿ ಅನೇಕವು ನಡೆದಿರುವುದು ದಡದಿಂದ ಮೂರು ಮೊಳದೊಳಗಿನ ನೀರಿನಲ್ಲಿ, ಮೀನು ದಣಿದು ಮಗ್ಗುಲಾದ ಮೇಲೆ, ಇನ್ನೇನು ದೊರೆಯಿತೆಂಬ ಹೊತ್ತಿನಲ್ಲಿ.

ಇದರ ಕಾರಣ ಸರಳವಾದ ಭೌತಶಾಸ್ತ್ರದಲ್ಲಿದೆ. ಮೀನಿನ ಒಡಲೊಳಗಿರುವ ವಾಯುಕೋಶವು ಅದನ್ನು ನೀರಿನಲ್ಲಿ ಮುಳುಗದಂತೆಯೂ ತೇಲದಂತೆಯೂ ಸಮತೋಲದಲ್ಲಿ ಇರಿಸುವುದರಿಂದ, ಐದು ಕಿಲೋಗ್ರಾಂ ತೂಗುವ ಕಾಟ್ಲಾ ಮೀನು ನೀರಿನೊಳಗೆ ಇರುವಷ್ಟು ಹೊತ್ತೂ ದಾರಕ್ಕೆ ಭಾರವೇ ಆಗದು. ದಾರ ತಡೆಯಬೇಕಾದುದು ಅದರ ಓಟವನ್ನು ಮಾತ್ರ. ಆ ಓಟವನ್ನು ಕೋಲಿನ ಬಾಗೂ ರೀಲಿನ ಸಡಿಲಿಕೆಯೂ ಉದ್ದ ಬಿಟ್ಟ ನೈಲಾನ್ ದಾರದ ಹಿಗ್ಗುವಿಕೆಯೂ ತಮ್ಮಲ್ಲಿ ಹಂಚಿಕೊಳ್ಳುವುದರಿಂದ, ಮೂರು ಕಿಲೋಗ್ರಾಂ ಎಳೆತವನ್ನು ತಾಳಬಲ್ಲ ದಾರವು ಅದಕ್ಕಿಂತ ಭಾರವಾದ ಮೀನನ್ನು ಅರ್ಧ ಗಂಟೆಯ ಕಾಲವಾದರೂ ಆಡಿಸಬಲ್ಲುದು. ಮೀನು ನೀರಿನಿಂದ ಹೊರಬಂದ ಕ್ಷಣದಲ್ಲಿಯೇ ಈ ಒಪ್ಪಂದ ಮುರಿದುಬೀಳುತ್ತದೆ. ಅದರ ಪೂರ್ಣಭಾರ ದಾರದ ಮೇಲೆ ಎರಗುತ್ತದೆ. ಹೊರಗೆ ಉಳಿದಿರುವ ದಾರ ಮೂರು ಅಡಿಯಷ್ಟೇ ಆದುದರಿಂದ ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುವ ಶಕ್ತಿಯೂ ಅದಕ್ಕಿರುವುದಿಲ್ಲ. ಸಾಲದುದಕ್ಕೆ ಮನುಷ್ಯಾಕೃತಿಯನ್ನು ಮೊದಲ ಬಾರಿಗೆ ಹತ್ತಿರದಿಂದ ಕಂಡ ಮೀನು ಉಳಿದಿದ್ದ ಬಲವನ್ನೆಲ್ಲ ಒಂದು ಹೊರಳಿಗೆ ಸುರಿದುಬಿಡುತ್ತದೆ. ಕೈಬಲೆಯ ಕೆಲಸ ಈ ಭಾರವನ್ನು ದಾರದ ಬದಲು ತಾನು ಹೊರುವುದು.

ಹಿಂದಿನ ಕಾಲದಲ್ಲಿ ಇದೇ ಕೆಲಸಕ್ಕೆ ಉದ್ದವಾದ ಹಿಡಿಯ ತುದಿಯಲ್ಲಿ ಚೂಪಾದ ಉಕ್ಕಿನ ಕೊಕ್ಕೆಯೊಂದನ್ನು ಕಟ್ಟಿ, ಅದನ್ನು ಮೀನಿನ ಪಕ್ಕೆಗೆ ಚುಚ್ಚಿ ಎಳೆಯುವ ಪದ್ಧತಿಯು ಐರೋಪ್ಯರಲ್ಲಿ ಬಳಕೆಯಲ್ಲಿದ್ದಿತು. ಇಂಗ್ಲೆಂಡಿನ ಸಿಹಿನೀರಿನ ಗಾಳಗಾರಿಕೆಯಲ್ಲಿ ಅದು ಈಗ ನಿಷಿದ್ಧ. ಗಂಟುಹಾಕಿ ಹೆಣೆದ ಕೈಬಲೆಗಳೂ ಲೋಹದ ಜಾಲರಿಯುಳ್ಳವೂ ಅಲ್ಲಿನ ಉಪವಿಧಿಗಳ ಪ್ರಕಾರ ನಿಷಿದ್ಧವೇ. ಗಂಟಿನಂಥ ಕ್ಷುಲ್ಲಕ ವಸ್ತುವಿನ ಮೇಲೆ ಸರ್ಕಾರವೊಂದು ಕಣ್ಣಿಡುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದಾದರೂ, ಅದರ ಹಿಂದಿನ ವಿಚಾರವನ್ನು ಅರಿತವರಿಗೆ ಬಲೆಯನ್ನು ಆಯುವ ಕ್ರಮವೇ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ನಾವು ಹಿಡಿಯನ್ನು ನೋಡಿ, ಅನಂತರ ಬಳೆಯನ್ನು ನೋಡಿ, ಅದಕ್ಕೆ ಜೋತುಬಿದ್ದಿರುವ ಚೀಲವನ್ನು ನೋಡಿಯೂ ನೋಡದಂತೆ ಕೊಳ್ಳುತ್ತೇವೆ. ನನ್ನ ಅಭಿಪ್ರಾಯದಲ್ಲಿ ಮೊದಲು ಆಯತಕ್ಕದ್ದು ಚೀಲವನ್ನು. ಏಕೆಂದರೆ ಬಲೆಯಲ್ಲಿ ಮೀನಿಗೆ ತಾಗುವ ಭಾಗ ಅದೊಂದೇ.

ಮೀನಿನ ಮೈಮೇಲಿನ ಲೋಳೆಯನ್ನು ಕಂಡು ಮೂಗುಮುರಿಯುವವರು ಅದರ ಮಹತ್ವವನ್ನು ತಿಳಿದವರಲ್ಲ. ಸಿಹಿನೀರಿನ ಮೀನಿನ ರಕ್ತದಲ್ಲಿ ಲವಣಾಂಶವು ಹೊರಗಿನ ನೀರಿನಲ್ಲಿರುವುದಕ್ಕಿಂತ ಹೆಚ್ಚಾಗಿರುವುದರಿಂದ, ನೀರು ಸದಾ ಅದರ ದೇಹದೊಳಕ್ಕೆ ನುಗ್ಗಲು ಹವಣಿಸುತ್ತಿರುತ್ತದೆ, ಲವಣವು ಸದಾ ಹೊರಕ್ಕೆ ಸೋರಲು ಹವಣಿಸುತ್ತಿರುತ್ತದೆ. ಈ ಎರಡೂ ಪ್ರವಾಹಗಳಿಗೆ ಅಡ್ಡವಾಗಿ ನಿಂತಿರುವುದು ಚರ್ಮ, ಹುರುಪೆ ಮತ್ತು ಅವುಗಳ ಮೇಲೆ ಹಾಸಿರುವ ಈ ಲೋಳೆ. ನೀರಿನಲ್ಲಿ ಸದಾ ತೇಲುತ್ತಿರುವ ಬೂಷ್ಟಿನ ಬೀಜಾಣುಗಳಿಗೂ ಬ್ಯಾಕ್ಟೀರಿಯಗಳಿಗೂ ಅದೇ ಮೊದಲ ಕೋಟೆ. ಒರಟು ನೂಲಿನ ಗಂಟು ಹೊರಳಾಡುವ ಮೀನಿನ ಪಕ್ಕೆಯನ್ನು ಉಜ್ಜಿದಲ್ಲೆಲ್ಲ ಕೋಟೆಯಲ್ಲಿ ಒಂದೊಂದು ಬಿರುಕು ಬೀಳುತ್ತದೆ. ಮೀನು ಆ ಕ್ಷಣದಲ್ಲಿ ಬಾಲ ಬೀಸಿ ಚೇತನದಿಂದಲೇ ಹೊರಟುಹೋಗುವುದರಿಂದ ಗಾಳಗಾರನು ತಾನು ಜೀವದಾನ ಮಾಡಿದೆನೆಂದು ಸಂತೋಷಪಡುತ್ತಾನೆ. ಬಿರುಕಿನಲ್ಲಿ ಹತ್ತಿಯಂಥ ಬಿಳಿಯ ಬೂಷ್ಟು ಬೆಳೆಯುವುದನ್ನು ನೋಡಲು ಅವನು ಅಲ್ಲಿರುವುದಿಲ್ಲ.

ಇದು ಊಹೆಯ ಮಾತಲ್ಲ. ಉತ್ತರ ಅಮೆರಿಕದ ಸಂಶೋಧಕರು ಬ್ಲೂಗಿಲ್ ಎಂಬ ಸಣ್ಣ ಮೀನನ್ನು ಗಾಳದಿಂದ ಹಿಡಿದು, ಕೆಲವನ್ನು ಬಲೆಯೇ ಇಲ್ಲದೆಯೂ, ಉಳಿದವನ್ನು ರಬ್ಬರ್, ಗಂಟಿಲ್ಲದ ನೈಲಾನ್, ಸಣ್ಣ ಗಂಟಿನ ನೈಲಾನ್, ದೊಡ್ಡ ಗಂಟಿನ ನೈಲಾನ್ ಎಂಬ ನಾಲ್ಕು ಬಗೆಯ ಬಲೆಗಳಿಂದಲೂ ಎತ್ತಿ, ಒಂದು ವಾರದವರೆಗೆ ಇಟ್ಟು ನೋಡಿ, ೨೦೦೩ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಬಲೆ ತಾಗದ ಮೀನುಗಳಲ್ಲಿ ಒಂದೂ ಸಾಯಲಿಲ್ಲ. ಬಲೆ ತಾಗಿದವುಗಳಲ್ಲಿ, ಬಲೆಯ ಜಾತಿಗೆ ಅನುಸಾರವಾಗಿ, ನೂರಕ್ಕೆ ನಾಲ್ಕರಿಂದ ಹದಿನಾಲ್ಕರವರೆಗೆ ಸತ್ತವು. ಈಜುರೆಕ್ಕೆ ಸೀಳುವುದೂ ಹುರುಪೆ ಉದುರುವುದೂ ಗಂಟಿನ ಬಲೆಗಳಲ್ಲಿಯೇ ಅಧಿಕವಾಗಿದ್ದಿತು. ಅತ್ಯುತ್ತಮವಾದ ಬಲೆಯೂ ಮೀನಿಗೆ ನಿರಪಾಯಕಾರಿಯಲ್ಲವೆಂಬುದನ್ನು ಇದರಿಂದ ಗ್ರಹಿಸಬೇಕಾಗಿದೆ. ಅಂಗೈಯಗಲದ ಗೆಂಡೆಮರಿಗೆ ಬಲೆಯನ್ನು ಹಿಡಿಯುವುದೇ ಅನಾವಶ್ಯಕ. ಕೈಯನ್ನು ನೀರಿನಲ್ಲಿ ನೆನೆಸಿಕೊಂಡು, ಮೀನನ್ನು ಎತ್ತದೆಯೇ ಗಾಳವನ್ನು ಬಿಡಿಸಿದರೆ ಸಾಕು.

ನಾನು ಹಿಡಿದ ಮೀನನ್ನು ಸಾರಿಗೆ ಹಾಕುವವನು, ಬಿಡುವವನಲ್ಲ, ನನಗೇಕೆ ಈ ಲೋಳೆಪುರಾಣ ಎಂದು ಕೇಳುವವರುಂಟು. ಅವರ ಪ್ರಶ್ನೆ ನ್ಯಾಯವಾದುದೇ. ಆದರೆ ಸಾರಿಗೆ ಹಾಕುವವನೂ ಪ್ರತಿಯೊಂದನ್ನೂ ಹಾಕುವುದಿಲ್ಲವಷ್ಟೆ. ಕೆರೆಗೆ ಮರಿ ಬಿಟ್ಟು ಕೆಲವೇ ತಿಂಗಳಾಗಿರುವಾಗ ಗಾಳಕ್ಕೆ ಬೀಳುವ ಮುಷ್ಟಿಗಾತ್ರದ ರೋಹು, ಮುಂಗಾರಿನ ಹೊಸನೀರಿಗೆ ಮೊಟ್ಟೆ ತುಂಬಿಕೊಂಡು ಏರಿಬರುವ ಹೆಣ್ಣು, ಹಿಡಿಯಲುದ್ದೇಶಿಸದೆ ಸಿಕ್ಕಿದ ಬೇರೆ ಜಾತಿಯ ಮೀನು, ಇವೆಲ್ಲ ವಾಪಸು ಹೋಗತಕ್ಕವುಗಳೇ. ಅಲ್ಲದೆ ೧೯೮೮ರಲ್ಲಿ ಭಾರತವನ್ನು ಹೊಕ್ಕು ಕೆರೆಕುಂಟೆಗಳ ಮೀನುಗಳನ್ನು, ವಿಶೇಷವಾಗಿ ಕೊರವ ಮೀನುಗಳನ್ನು, ರಾಶಿರಾಶಿಯಾಗಿ ಕೊಂದ ಹುಣ್ಣುರೋಗವು ಬೂಷ್ಟಿನಂಥದೇ ಒಂದು ಜೀವಿಯಿಂದ ಹಬ್ಬುವಂಥದು. ಅದರ ಬೀಜಾಣುಗಳು ಚರ್ಮ ಕೆಟ್ಟಿರುವಲ್ಲಿ ಸುಲಭವಾಗಿ ನೆಲೆಯೂರುತ್ತವೆ. ಗಾಯಗೊಳಿಸಿ ಬಿಟ್ಟ ಮೀನು ತಾನೊಂದೇ ಸಾಯುವುದೆಂದು ಹೇಳಲು ಬರುವುದಿಲ್ಲ.

ಹೀಗಿರಲಾಗಿ, ಅಂಗಡಿಯಲ್ಲಿ ಅತ್ಯಂತ ಅಗ್ಗಕ್ಕೆ ದೊರೆಯುವ ಹಸಿರು ನೈಲಾನಿನ ಗಂಟುಬಲೆಯನ್ನು ಪಕ್ಕಕ್ಕಿಟ್ಟುಬಿಡಬಹುದು. ಉಳಿಯುವುದು ಮೂರು ಬಗೆ. ಗಂಟಿಲ್ಲದ ಮೃದುವಾದ ಸಣ್ಣಕಣ್ಣಿನ ನೈಲಾನ್ ಬಲೆಯು ಹಗುರವಾದುದು, ಅಗ್ಗವಾದುದು, ಈಜುರೆಕ್ಕೆಗಳಿಗೆ ಹಿತವಾದುದು. ನಿಂತ ನೀರಿನ ಕೆರೆಗೆ ಅದು ಯೋಗ್ಯವೇ ಸರಿ. ಅದರ ದೋಷವು ಮುಳ್ಳಿರುವ ಮೀನು ಬಿದ್ದಾಗ ಬಯಲಾಗುತ್ತದೆ. ಸಾಮಾನ್ಯ ಗೆಂಡೆಯ ಬೆನ್ನಿನ ರೆಕ್ಕೆಯ ಮುಳ್ಳು ಗರಗಸದಂತೆ ಹಲ್ಲುಳ್ಳದ್ದು. ಜಿಲೇಬಿ ಮೀನಿನ ಬೆನ್ನು ಮುಳ್ಳುಗಳ ಸಾಲು. ಚೇಳುಮೀನು ತನ್ನ ಎದೆಯ ಪಕ್ಕದ ಮುಳ್ಳುಗಳನ್ನು ಅಡ್ಡವಾಗಿ ಸೆಟೆದು ನಿಲ್ಲಿಸಿಕೊಂಡಿತೆಂದರೆ ಬಲೆಯಿಂದ ಅದನ್ನು ಬಿಡಿಸುವುದು ಅರ್ಧ ಘಳಿಗೆಯ ಕೆಲಸ, ಅದೂ ಕುಟುಕಿಸಿಕೊಳ್ಳುವ ಭಯದೊಂದಿಗೆ. ಮೂರು ಮೊನೆಯ ಗಾಳಗಳನ್ನು ಕಟ್ಟಿದ ಕೃತಕ ಎರೆಯನ್ನು ಬಳಸುವವರಿಗಂತೂ ಈ ಸಣ್ಣಕಣ್ಣಿನ ಬಲೆ ಶತ್ರುವೇ ಸರಿ: ಒಂದು ಮೊನೆ ಮೀನಿನ ತುಟಿಯಲ್ಲಿ, ಎರಡು ಮೊನೆ ನೂಲಿನಲ್ಲಿ, ನಡುವೆ ಒದ್ದಾಡುವ ಮೀನು; ಕತ್ತರಿಯ ವಿನಾ ಬೇರೆ ಗತಿಯಿಲ್ಲ.

ಅಚ್ಚರಬ್ಬರಿನ ಬಲೆಯಲ್ಲಿ ಈ ಯಾವ ತೊಡಕೂ ಇಲ್ಲ. ಗಾಳ ಅದರಲ್ಲಿ ಹೊಗುವುದಿಲ್ಲ, ಹೊಕ್ಕರೂ ಸುಲಭವಾಗಿ ಬರುತ್ತದೆ, ಮುಳ್ಳು ಸಿಕ್ಕಿಕೊಳ್ಳುವುದಿಲ್ಲ, ನುಣುಪಾದುದರಿಂದ ಲೋಳೆ ಅಂಟುವುದಿಲ್ಲ, ವಾಸನೆಯೂ ನಿಲ್ಲುವುದಿಲ್ಲ. ಆದರೆ ಭಾರವಾದುದು, ಬೆಲೆಯೂ ಹೆಚ್ಚು, ಬಿಸಿಲಿನಲ್ಲಿ ಮರೆತುಬಿಟ್ಟರೆ ಕ್ರಮೇಣ ಬಿರಿಯುವಂಥದು. ಇವೆರಡರ ನಡುವೆ, ನೈಲಾನಿನ ಮೇಲೆ ರಬ್ಬರಿನ ಲೇಪವುಳ್ಳ ಬಲೆಯೊಂದುಂಟು. ತೂಕದಲ್ಲಿಯೂ ಬೆಲೆಯಲ್ಲಿಯೂ ಗುಣದಲ್ಲಿಯೂ ಅದು ಮಧ್ಯಮವರ್ಗಕ್ಕೆ ಸೇರಿದ್ದು. ಕೆರೆಗೂ ಹೊಳೆಗೂ ಒಂದೇ ಬಲೆಯನ್ನು ಒಯ್ಯುವ ಗೃಹಸ್ಥನಿಗೆ ನಾನು ಹೇಳುವುದು ಇದನ್ನೇ. ಕೊಳ್ಳುವ ಮುನ್ನ ಒಂದು ಎಳೆಯನ್ನು ಉಗುರಿನಿಂದ ಕೆರೆದು ನೋಡಬೇಕು. ಲೇಪವು ಅಲ್ಲಿಯೇ ಸುಲಿದು ಬಂದರೆ ಒಂದು ಮಳೆಗಾಲವನ್ನೂ ಅದು ದಾಟದು.

ಬಲೆಯ ಕಣ್ಣಿನ ಗಾತ್ರದಲ್ಲಿ ಎರಡು ಪರಸ್ಪರ ವಿರೋಧವಾದ ಅಪೇಕ್ಷೆಗಳನ್ನು ಸಮನ್ವಯಗೊಳಿಸಬೇಕಾಗುತ್ತದೆ. ಕಣ್ಣು ದೊಡ್ಡದಾದರೆ ಸಣ್ಣ ಮೀನಿನ ಮೂತಿಯೂ ಕಿವಿರಿನ ಮುಚ್ಚಳವೂ ಅದರೊಳಗೆ ತೂರಿಕೊಳ್ಳುತ್ತವೆ, ಬಾಲದ ರೆಕ್ಕೆ ಎಳೆಗಳ ನಡುವೆ ಸೀಳುತ್ತದೆ. ಕಣ್ಣು ಸಣ್ಣದಾದರೆ ನೂಲು ಹೆಚ್ಚು, ನೂಲು ಹೆಚ್ಚಾದರೆ ನೀರಿನ ತಡೆ ಹೆಚ್ಚು. ಮತ್ತು ಈ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಬಲೆಯನ್ನು ಎರಡು ಪಟ್ಟು ವೇಗವಾಗಿ ಎಳೆಯುವವನು ನಾಲ್ಕು ಪಟ್ಟು ಬಲವನ್ನು ವ್ಯಯಿಸಬೇಕಾಗುತ್ತದೆ. ನಿಂತ ನೀರಿನಲ್ಲಿ ಅವಸರವಿಲ್ಲವಾದುದರಿಂದ ಇದು ಬಾಧಕವಲ್ಲ. ಹರಿಯುವ ಹೊಳೆಯಲ್ಲಿ ಮಾತ್ರ ಸಣ್ಣಕಣ್ಣಿನ ಆಳವಾದ ಚೀಲವು ಗಾಳಿ ತುಂಬಿದ ಹಾಯಿಪಟದಂತೆ ಉಬ್ಬಿ ಹಿಡಿದವನ ಕೈಯನ್ನೇ ಸೆಳೆದೊಯ್ಯುತ್ತದೆ. ಆದುದರಿಂದ ಹೊಳೆಗೆ ಒಂದು ಸೆಂಟಿಮೀಟರಿಗೆ ಕಡಮೆಯಿಲ್ಲದ ಕಣ್ಣಿನ ರಬ್ಬರ್ ಬಲೆ, ಕೆರೆಗೆ ಅದರ ಅರ್ಧದಷ್ಟು ಕಣ್ಣಿನ ಮೃದು ಬಲೆ. ಪಕ್ಕಗಳಲ್ಲಿ ದೊಡ್ಡ ಕಣ್ಣೂ ಮೀನು ಮಲಗುವ ತಳದಲ್ಲಿ ಸಣ್ಣ ಕಣ್ಣೂ ಇರುವಂತೆ ಹೊಲಿದ ಚೀಲಗಳೂ ಬರುತ್ತವೆ. ಇದನ್ನು ಯೋಚಿಸಿದವನು ಗಾಳ ಹಿಡಿದು ನೀರಿನ ಬಳಿ ಕುಳಿತ ಮನುಷ್ಯನೇ ಇರಬೇಕು. ಬಣ್ಣದ ವಿಷಯದಲ್ಲಿ ವಾದಗಳುಂಟು. ಕಡುಬಣ್ಣವಾಗಿರಲಿ, ಅಷ್ಟು ಸಾಕು.

ಚೀಲದ ಆಳವನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಬಳೆಯನ್ನು ಮಟ್ಟವಾಗಿ ಹಿಡಿದು ಮುಂಗೈಯನ್ನು ಚೀಲದೊಳಗೆ ಇಳಿಬಿಟ್ಟಾಗ ಮೊಣಕೈಯವರೆಗಾದರೂ ಅದು ಇಳಿಯಬೇಕು. ಅನಂತರ ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಚೀಲವು ಬಳೆಯ ಮೇಲೆ ಮಡಿಚಿಕೊಂಡು ಬಾಯಿ ತಾನಾಗಿಯೇ ಮುಚ್ಚಬೇಕು. ತಟ್ಟೆಯಂತೆ ಆಳವಿಲ್ಲದ ಚೀಲದಿಂದ ಕೊರವ ಮೀನು ಒಂದೇ ನೆಗೆತಕ್ಕೆ ಹೊರಬೀಳುತ್ತದೆ. ಹಾಗೆಂದು ಗೋಣಿಯಂತೆ ಆಳವಾದುದೂ ಹಿತವಲ್ಲ: ಅದರ ಚೂಪಾದ ತಳದಲ್ಲಿ ಮೀನು ಬಿಲ್ಲಿನಂತೆ ಬಾಗಿ ಸಿಲುಕುತ್ತದೆ. ತಳವು ಚಪ್ಪಟೆಯಾಗಿ, ಮೀನು ತನ್ನ ಉದ್ದಕ್ಕೆ ಮಲಗುವಂತಿರುವುದೇ ಉತ್ತಮ.

ಬಳೆಗೆ ಬಂದರೆ, ಅದರ ಅಗಲವನ್ನು ನಿರ್ಣಯಿಸತಕ್ಕದ್ದು ನಾವು ದಿನವೂ ಹಿಡಿಯುವ ಮೀನಿನಿಂದಲ್ಲ, ಆ ನೀರಿನಲ್ಲಿ ಎಂದಾದರೊಮ್ಮೆ ಸಿಕ್ಕಬಹುದಾದ ದೊಡ್ಡ ಮೀನಿನಿಂದ. ದೊಡ್ಡ ಬಲೆಯಲ್ಲಿ ಸಣ್ಣ ಮೀನನ್ನು ಎತ್ತಬಹುದು. ಇದರ ವಿಪರ್ಯಯ ಸಾಧ್ಯವಿಲ್ಲ. ಬಳೆಯ ಉದ್ದದಳತೆಯು ಅಂಥ ಮೀನಿನ ಉದ್ದದ ಮೂರರಲ್ಲಿ ಎರಡು ಪಾಲಾದರೂ ಇರಬೇಕೆಂಬುದು ನನ್ನ ಲೆಕ್ಕ. ಎರಡು ಅಡಿ ಮೀರಿ ಬೆಳೆಯುವ ಕಾಟ್ಲಾ ಇರುವ ಕೆರೆಗೆ, ಅದರ ತಲೆಯ ದಪ್ಪವನ್ನೂ ಗಮನಿಸಿ, ಎರಡು ಅಡಿಗೆ ಕಡಮೆಯಾದ ಬಾಯಿಯನ್ನು ಕೊಳ್ಳಲಾಗದು. ಬ್ರಿಟನ್ನಿನಲ್ಲಿ ದೊಡ್ಡ ಗೆಂಡೆಗಳನ್ನು ಸಾಕಿರುವ ಕೊಳಗಳ ಒಡೆಯರು ೪೨ ಅಂಗುಲದ ತೋಳುಗಳುಳ್ಳ ಬಲೆಯಿಲ್ಲದೆ ಗಾಳಗಾರನನ್ನು ಒಳಗೆ ಬಿಡದಿರುವುದುಂಟು. ಆ ಬಲೆಯು ಬಳೆಯಾಕಾರದ್ದಲ್ಲ, ತ್ರಿಕೋಣಾಕಾರದ್ದು: ಹಿಡಿಯ ತುದಿಯಿಂದ ಎರಡು ಬಾಗುವ ತೋಳುಗಳು ಕವಲೊಡೆದು, ಅವುಗಳ ತುದಿಗಳ ನಡುವೆ ಒಂದು ದಾರವು ಬಿಗಿಯಾಗಿ ನಿಂತಿರುತ್ತದೆ. ಆ ನೇರವಾದ ಮುಂದಿನ ಅಂಚು ನೆಲಕ್ಕೆ ಒತ್ತಿ ನಿಲ್ಲುವುದರಿಂದ, ಬೇಸಿಗೆಯಲ್ಲಿ ಮೊಣಕಾಲುದ್ದವೂ ನೀರಿಲ್ಲದ ಕೆರೆಯಂಚಿನಲ್ಲಿ ಅದಕ್ಕೆ ಸಮನಾದುದಿಲ್ಲ. ಸಾಗಿಸುವಾಗ ತೋಳುಗಳನ್ನು ಕಳಚಿ ಸುತ್ತಿಡಬಹುದು. ಅದರ ಮರ್ಮಸ್ಥಾನವು ತೋಳುಗಳೂ ಹಿಡಿಯೂ ಕೂಡುವ ಕೀಲುಗಟ್ಟು; ಅದು ಪ್ಲಾಸ್ಟಿಕ್ಕಿನದಾಗಿದ್ದರೆ ಎಷ್ಟು ಹೊಳಪಿದ್ದರೂ ಕೊಳ್ಳಬಾರದು. ಮಡಿಚುವ ಅಲ್ಯುಮಿನಿಯಂ ಬಳೆಗಳಲ್ಲಿಯೂ ಇದೇ ಮಾತು: ಮಡಿಕೆಯ ಕೀಲನ್ನು ಹತ್ತು ಬಾರಿ ತೆರೆದು ಮುಚ್ಚಿ, ತೆರೆದಾಗ ಅಲ್ಲಾಡುವುದೋ ಇಲ್ಲವೋ ನೋಡತಕ್ಕದ್ದು. ಮರದ ತೆಳುಪಟ್ಟಿಗಳನ್ನು ಬಗ್ಗಿಸಿ ಅಂಟಿಸಿ ಮಾಡಿದ, ಗಿಡ್ಡ ಹಿಡಿಯ, ನೀರಹನಿಯ ಆಕೃತಿಯ ಬಲೆಗಳು ಕಣ್ಣಿಗೆ ಬಹು ಚೆಲುವಾದವು. ಕಾಶ್ಮೀರ ಹಿಮಾಚಲಗಳ ಟ್ರೌಟ್ ತೊರೆಗಳಲ್ಲಿ ಮೊಣಕಾಲುನೀರಿಗೆ ಇಳಿದು ನಿಲ್ಲುವವನ ಬೆನ್ನಿಗೆ ಅವು ಶೋಭೆ. ನಮ್ಮ ಕೆರೆಯ ಏರಿಯ ಮೇಲೆ ಅವುಗಳಿಂದ ಪ್ರಯೋಜನ ಅಲ್ಪ.

ಏಕೆಂದರೆ ಹಿಡಿಯ ಉದ್ದವನ್ನು ನಿರ್ಣಯಿಸುವುದು ನಿಲ್ಲುವ ಜಾಗ. ದಕ್ಷಿಣ ಕರ್ನಾಟಕದ ಕೆರೆಗಳಲ್ಲಿ ಗಾಳಗಾರನು ಸಾಮಾನ್ಯವಾಗಿ ಕುಳಿತುಕೊಳ್ಳುವುದು ಏರಿಯ ಕಲ್ಲುಕಟ್ಟಣೆಯ ಮೇಲೋ, ತೂಬಿನ ಕಟ್ಟೆಯ ಮೇಲೋ, ಕೋಡಿಯ ಬದಿಯಲ್ಲೋ. ಮಾಘ ಫಾಲ್ಗುಣಗಳಲ್ಲಿ ನೀರು ಇಳಿಯುತ್ತ ಹೋದಂತೆ ಕುಳಿತ ಕಲ್ಲಿಗೂ ನೀರಿಗೂ ನಡುವೆ ಇಳಿಜಾರು ಬೆಳೆಯುತ್ತದೆ. ಆ ಇಳಿಜಾರಿನ ಕೆಳಗಿನ ಕಲ್ಲುಗಳ ಮೇಲೆ ಪಾಚಿ. ಅಲ್ಲಿಗೆ ಇಳಿದು ಬಾಗಿ ಮೀನನ್ನು ಎತ್ತಲು ಹೋಗಿ ಜಾರಿ ಬಿದ್ದವರ ಸಂಖ್ಯೆ ಸಣ್ಣದಲ್ಲ. ಇಂಥಲ್ಲಿ ಎರಡರಿಂದ ಮೂರು ಮೀಟರಿನ ಹಿಡಿ ಬೇಕು. ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳ ಹಿಡಿಯನ್ನು ಬಸ್ಸಿನಲ್ಲಿ ಒಯ್ಯುವುದು ಸುಲಭವಾದರೂ, ತಿರುಚಿ ಬಿಗಿಮಾಡುವ ಅದರ ಕೊರಳುಗಳಿಗೆ ಮರಳು ಸೇರಿದರೆ ಬೇಕಾದಾಗ ತೆರೆಯದೆ, ಬೇಡವಾದಾಗ ಕುಸಿದು ಕೈಕೊಡುವುದುಂಟು. ಗುಂಡಿ ಒತ್ತಿ ರಂಧ್ರಕ್ಕೆ ಕೂಡಿಸುವ ಬಗೆಯದು ಇದಕ್ಕಿಂತ ನಂಬಿಕೆಗೆ ಅರ್ಹ. ಅಂಗಡಿಯಲ್ಲಿ ಹಿಡಿಯನ್ನು ಪೂರ್ತಿಯಾಗಿ ಉದ್ದಮಾಡಿ, ಚೀಲದಲ್ಲಿ ಎರಡು ಲೀಟರಿನ ನೀರಿನ ಬಾಟಲಿಯನ್ನು ಇಟ್ಟು, ಕೊನೆಯನ್ನು ಹಿಡಿದು ಮೇಲೆತ್ತಲು ಯತ್ನಿಸಿದರೆ ಎರಡು ಪಾಠಗಳು ಏಕಕಾಲದಲ್ಲಿ ಸಿದ್ಧಿಸುತ್ತವೆ: ಹಿಡಿಯ ಸತ್ತ್ವ ಎಷ್ಟೆಂಬುದು ಒಂದು, ಉದ್ದನೆಯ ಹಿಡಿಯಿಂದ ಭಾರವನ್ನು ಎತ್ತುವುದು ಸಲ್ಲದ ಕೆಲಸವೆಂಬುದು ಇನ್ನೊಂದು. ಅಂಗಡಿಯವರು ಇದಕ್ಕೆ ಮುಖ ಸಿಂಡರಿಸುವರು, ಸಿಂಡರಿಸಲಿ.

ಹರಿಗೋಲಿನಲ್ಲಿ ಕುಳಿತವನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಅದರ ಅಂಚು ನೀರಿಗೆ ಒಂದೆರಡು ಗೇಣು ಮಾತ್ರ ಎತ್ತರ, ಮೀನು ಎಳೆದ ಕಡೆಗೆ ಅದೂ ತಿರುಗುತ್ತದೆ, ಎದ್ದು ನಿಂತರೆ ಎಲ್ಲರೂ ನೀರಿಗೆ. ಅಲ್ಲಿ ಉದ್ದ ಹಿಡಿಯು ಪಕ್ಕದವನ ಕಿವಿಗೆ ತಗಲುವುದಕ್ಕಷ್ಟೇ ಉಪಯೋಗ. ಎರಡಡಿಯ ಹಿಡಿ, ಅಗಲವಾದ ಬಾಯಿ, ಇಷ್ಟು ಸಾಕು. ಆದರೆ ಕೈಜಾರಿ ಬಿದ್ದರೆ ತೇಲಬೇಕು: ಟೊಳ್ಳು ಕೊಳವೆಯ ಎರಡು ತುದಿಗಳೂ ಮುಚ್ಚಿರುವ ಹಿಡಿ ತೇಲುತ್ತದೆ, ತೆರೆದಿರುವುದು ನೀರು ಕುಡಿದು ಮುಳುಗುತ್ತದೆ.

ಹರಿಗೋಲಿನ ಮಾತು ಬಂದ ಮೇಲೆ ಕಾವೇರಿಯ ಮಹಶೀರ್ ಮೀನಿನ ಮಾತನ್ನು ತಪ್ಪಿಸಲಾಗದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚುಮಾಡಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥದಿಂದ ಈ ಮೀನಿನ ಕೀರ್ತಿಯು ಗಾಳಗಾರರ ಲೋಕದಲ್ಲಿ ಹರಡಿತು. ೧೯೪೬ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರ ಗಾಳಕ್ಕೆ ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋಗ್ರಾಂ, ತೂಕದ್ದು ಬಿದ್ದಿತು. ಅಂಥ ಮೀನಿಗೆ ಯಾವ ಕೈಬಲೆಯನ್ನು ಕೊಳ್ಳಬೇಕೆಂದು ಕೇಳಿದರೆ, ಯಾವುದನ್ನೂ ಅಲ್ಲವೆಂಬುದೇ ಉತ್ತರ. ಬಲೆಗೆ ಒಂದು ಮಿತಿಯುಂಟು. ಹದಿನೈದು ಕಿಲೋಗ್ರಾಂ ದಾಟಿತೆಂದರೆ ಬಳೆಯ ಅಂಚು ಮೀನಿನ ಹೊಟ್ಟೆಗೆ ಒತ್ತುವುದೂ ಹಿಡಿ ಮುರಿಯುವುದೂ ಉಂಟು. ಆ ಗಾತ್ರದ ಮೀನನ್ನು ಸೆಳವೂ ಆಳವೂ ಇಲ್ಲದ ನೀರಿಗೆ ನಡೆಸಿಕೊಂಡು ಬಂದು, ನೀರಿನಲ್ಲಿಯೇ ಎರಡು ಕೈಗಳಿಂದ ಆನಿಸಿ ಹಿಡಿದು, ಅಲ್ಲಿಯೇ ಗಾಳವನ್ನು ಬಿಡಿಸುವುದೊಂದೇ ದಾರಿ. ಛಾಯಾಚಿತ್ರಕ್ಕಾಗಿ ಅದರ ಬಾಯೊಳಗಿಂದ ಹಗ್ಗವನ್ನು ತೂರಿಸಿ ದಡದ ಗೂಟಕ್ಕೆ ಕಟ್ಟಿಹಾಕುವ ಪದ್ಧತಿಯೂ ಒಂದಿದ್ದಿತು. ಬಿಡುವುದಕ್ಕೆಂದು ಹಿಡಿದ ಮೀನಿಗೆ ಹಗ್ಗ ಪೋಣಿಸುವುದು ನನಗೆ ಎಂದೂ ಒಪ್ಪಿತವಾಗಲಿಲ್ಲ.

ಈಗ ಆ ಪ್ರಶ್ನೆಯೇ ಬಹುಮಟ್ಟಿಗೆ ಉಳಿದಿಲ್ಲ. ಕಾವೇರಿಯ ಗಾಳಶಿಬಿರವೊಂದರಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಬೆನ್ನುಗೂನಿನ ಮಹಶೀರ್ ಕ್ಷಯಿಸುತ್ತಿರುವುದನ್ನೂ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಅದರ ಸ್ಥಾನವನ್ನು ಆಕ್ರಮಿಸುತ್ತಿರುವುದನ್ನೂ ಕಂಡುಹಿಡಿದರು. ೨೦೧೮ರಲ್ಲಿ ಬೆನ್ನುಗೂನಿನ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯನಾಮ ನಿಶ್ಚಯವಾಗಿ, ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅತ್ಯಂತ ಗಂಡಾಂತರದ ವರ್ಗಕ್ಕೆ ಅದು ಸೇರಿತು. ಅದಕ್ಕೂ ಮೊದಲೇ ಕಾವೇರಿತೀರದ ಅಭಯಾರಣ್ಯದೊಳಗಿನ ಶಿಬಿರಗಳಲ್ಲಿ ಗಾಳ ನಿಂತುಹೋಗಿದ್ದಿತು. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನುಗಳಿಗೆ ಗಾಳವೂ ಬಲೆಯೂ ಎಂದೂ ಇಲ್ಲ. ಅನುಮತಿಯಿರುವ ಬೇರೆ ನೀರುಗಳಲ್ಲಿ ಎರಡು ಮೂರು ಕಿಲೋಗ್ರಾಮಿನ ಮಹಶೀರ್ ಅಕಸ್ಮಾತ್ತಾಗಿ ಸಿಕ್ಕಿದರೆ ಅಗಲವಾದ ರಬ್ಬರ್ ಬಲೆ ಅದಕ್ಕೆ ತಕ್ಕುದು. ಅದನ್ನು ಬಲೆಯೊಳಗೇ, ನೀರಿನೊಳಗೇ ಇಟ್ಟುಕೊಂಡು ಗಾಳ ತೆಗೆಯತಕ್ಕದ್ದು.

ನೀರಿನೊಳಗೇ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. ೧೯೯೨ರಲ್ಲಿ ಕೆನಡದ ಇಬ್ಬರು ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಕಾಮನಬಿಲ್ಲು ಟ್ರೌಟ್ ಮೀನುಗಳನ್ನು ದಣಿಯುವವರೆಗೆ ಓಡಿಸಿ ನೋಡಿದಾಗ, ನೀರಿನಿಂದ ಹೊರಗೆ ತೆಗೆಯದವುಗಳಲ್ಲಿ ನೂರಕ್ಕೆ ೮೮ ಬದುಕಿದವು. ದಣಿಸಿದ ಮೇಲೆ ಅರ್ಧ ನಿಮಿಷ ಗಾಳಿಯಲ್ಲಿಟ್ಟವುಗಳಲ್ಲಿ ೬೨. ಒಂದು ನಿಮಿಷ ಇಟ್ಟವುಗಳಲ್ಲಿ ೨೮ ಮಾತ್ರ. ಟ್ರೌಟ್ ತಣ್ಣೀರಿನ ಸುಕುಮಾರ ಮೀನು, ನಮ್ಮ ಗೆಂಡೆ ಅಷ್ಟು ಕೋಮಲವಲ್ಲ ಎಂಬುದು ನಿಜ. ಆದರೆ ೨೦ ಡಿಗ್ರಿಯ ನೀರು ಲೀಟರಿಗೆ ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದಾದರೆ, ೩೦ ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯಬಲ್ಲುದು. ಚೈತ್ರದ ಬಿಸಿಲಿನಲ್ಲಿ ಕಾದ ಕೆರೆಯಲ್ಲಿ ದಣಿದ ಮೀನಿಗೆ ಉಸಿರು ಮೊದಲೇ ಸಾಲದಾಗಿರುತ್ತದೆ. ಬಲೆ ದೊಡ್ಡದಿದ್ದಷ್ಟೂ ಮೀನನ್ನು ಪೂರ್ತಿ ಸೋಲಿಸದೆಯೇ ಬೇಗ ಹಿಡಿಯಬಹುದೆಂಬುದು, ದೊಡ್ಡ ಬಾಯಿಯನ್ನು ಕೊಳ್ಳಲು ಇನ್ನೊಂದು ಪ್ರಬಲವಾದ ಕಾರಣ.

ಒಳ್ಳೆಯ ಬಲೆಯನ್ನು ಕೊಂಡೂ ಅದನ್ನು ಬೋಂಡ ಎತ್ತುವ ಜಾಲರಿಯ ಸೌಟಿನಂತೆ ಮೀನಿನ ಹಿಂದೆ ಬೀಸುವವರನ್ನು ಪ್ರತಿ ಕೆರೆಯ ದಡದಲ್ಲಿಯೂ ನೋಡಬಹುದು. ೧೬೫೩ರಲ್ಲಿ ಪ್ರಕಟವಾದ ಐಸಾಕ್ ವಾಲ್ಟನ್ನನ ಪುಸ್ತಕದಲ್ಲಿಯೇ ಗುರುವು ಶಿಷ್ಯನಿಗೆ ಬಲೆಯನ್ನು ಮ‍ೀನಿನ ಕೆಳಗೆ ಹಿಡಿಯಬೇಕೆಂದೂ ದಾರವನ್ನು ಮುಟ್ಟಬಾರದೆಂದೂ ತಿಳಿಸುವ ಪ್ರಸಂಗವುಂಟು. ಮೂರೂವರೆ ಶತಮಾನಗಳ ಮೇಲೆ ಅದಕ್ಕೆ ಸೇರಿಸತಕ್ಕದ್ದು ಹೆಚ್ಚೇನೂ ಇಲ್ಲ. ಬಲೆಯನ್ನು ಮೊದಲೇ ನೆನೆಸಿ, ನೀರಿನಲ್ಲಿ ಮುಳುಗಿಸಿ, ಅಲ್ಲಾಡಿಸದೆ ಹಿಡಿದಿರಬೇಕು. ಕೋಲು ಹಿಡಿದವನು ಮೀನನ್ನು ತಲೆ ಮುಂದಾಗಿ ಬಲೆಯ ಮೇಲಕ್ಕೆ ತರಬೇಕು. ಬಾಲದ ಕಡೆಯಿಂದ ಬಲೆ ಹಾಕಿದರೆ ಮೀನಿನ ಮುಂದಿನ ಹಾರಿಕೆ ಹೊರಕ್ಕೇ ಆಗುತ್ತದೆ. ಹರಿಯುವ ನೀರಿನಲ್ಲಿ ಬಲೆ ಮೀನಿಗಿಂತ ಪ್ರವಾಹದ ಕೆಳಗಡೆ ಇರಬೇಕು, ಮೀನು ತಾನೇ ಇಳಿದು ಅದರೊಳಗೆ ಬರುತ್ತದೆ. ತಲೆ ಬಳೆಯನ್ನು ದಾಟಿದ ಮೇಲೆ ಬಳೆಯನ್ನು ಎತ್ತಿ, ಹಿಡಿಯನ್ನು ತನ್ನತ್ತ ಎಳೆದುಕೊಂಡು, ಭಾರವಾಗಿದ್ದರೆ ಬಳೆಯನ್ನೇ ಎರಡು ಕೈಗಳಿಂದ ಹಿಡಿದು ಮೇಲೆತ್ತಬೇಕು. ಹಿಡಿಯಿಂದಲೇ ನೇರವಾಗಿ ಎತ್ತಿದವನ ಹಿಡಿ ಬಾಗುವುದು ಆ ಹಿಡಿ ಮಾಡಿದವನ ತಪ್ಪಲ್ಲ.

ಮನೆಗೆ ಬಂದ ಮೇಲೆ ಬಲೆಯನ್ನು ತೊಳೆದು ಪೂರ್ತಿಯಾಗಿ ಒಣಗಿಸುವುದನ್ನು ವಾಸನೆಯ ಕಾರಣದಿಂದ ಹೆಂಗಸರು ಹೇಳಿದರೆ ಮಾತ್ರ ಮಾಡುವ ರೂಢಿಯುಂಟು. ಬ್ರಿಟನ್ನಿನಲ್ಲಿ ೨೦೧೧ರಿಂದ ಸರ್ಕಾರವೇ ಇದನ್ನು ಪ್ರಚಾರ ಮಾಡುತ್ತಿದೆ. ಗೆಂಡೆಗಳಿಗೆ ತಗಲುವ ವೈರಾಣುರೋಗಕ್ಕೆ ಹೆದರಿದ ಕೊಳದ ಒಡೆಯರು ಗಾಳಗಾರನ ಬಲೆಯನ್ನು ಔಷಧದ ತೊಟ್ಟಿಯಲ್ಲಿ ಅದ್ದಿಸಿಯೇ ಒಳಗೆ ಬಿಡುತ್ತಾರೆ. ಒಂದು ಕೆರೆಯ ಅಂತರಗಂಗೆಯ ತುಣುಕೂ ಹುಣ್ಣುರೋಗದ ಬೀಜಾಣುವೂ ಇನ್ನೊಂದು ಕೆರೆಗೆ ಹೋಗಲು ಒದ್ದೆ ಬಲೆ ಸಾಕು. ಒಂದೇ ದಿನ ಎರಡು ಕೆರೆಗಳಿಗೆ ಹೋಗುವವರು ಎರಡು ಬಲೆಗಳನ್ನಿಟ್ಟುಕೊಳ್ಳುವುದು ಲೇಸು. ನೈಲಾನನ್ನು ಬಿಸಿಲಿನಲ್ಲಿ ಒಣಗಿಸಿ ಕೂಡಲೇ ಒಳಗಿಡಬೇಕು. ರಬ್ಬರನ್ನು ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು, ಮಡಿಚಿ ಒತ್ತಿಟ್ಟರೆ ಮಡಿಕೆಯಲ್ಲಿಯೇ ಬಿರಿಯುತ್ತದೆ. ಎಷ್ಟು ಜೋಪಾನ ಮಾಡಿದರೂ ಚೀಲವು ಬಳೆಗಿಂತಲೂ ಹಿಡಿಗಿಂತಲೂ ಮೊದಲು ಸವೆಯುವುದರಿಂದ, ಚೀಲವನ್ನು ಕಳಚಿ ಬೇರೆಯದನ್ನು ತೊಡಿಸಲು ಬರುವಂತಹ ಬಳೆಯನ್ನೇ ಕೊಳ್ಳತಕ್ಕದ್ದು. ಅದಕ್ಕೆ ಹೊಂದುವ ಬದಲಿ ಚೀಲ ಬಿಡಿಯಾಗಿ ದೊರೆಯುವುದೋ ಇಲ್ಲವೋ ಎಂಬುದನ್ನು ಹಣವನ್ನು ಎಣಿಸಿ ಕೊಡುವ ಮೊದಲೇ ವಿಚಾರಿಸಿಕೊಳ್ಳಬೇಕು.